ನಿಲ್ಲಿಸಿ ಅಂದರೆ ನಿಲ್ಲದ ಡೋಲು

ಡೋಲಣ್ಣನಿಗೆ ಸಿಟ್ಟು ಬಂದದ್ದು ಮಗಳ ಮೇಲಲ್ಲ, ‘ಕೂತು ಕೇಳೋದು’ ಎಂಬ ಮಾತಿನ ಮೇಲೆ.

“ಏನಂದೆ? ಇನ್ನೊಂದ್ಸಲ ಹೇಳು.”

“ಸಂಗೀತದ ಪರೀಕ್ಷೆಲಿ ಎರಡು ಥರ ಇದೆ ಅಪ್ಪ. ಒಂದು ನುಡಿಸಿ ತೋರಿಸೋದು. ಇನ್ನೊಂದು ಕೂತು ಕೇಳೋದು. ಅವರು ಏನೋ ಹಾಕ್ತಾರೆ, ಯಾವ ವಾದ್ಯ, ತಾಳ ಎಲ್ಲಿ ತಪ್ತು ಅಂತ ನಾವು ಬರೀಬೇಕು. ನಾನು ಕೇಳೋದನ್ನೇ ತಗೋತೀನಿ.”

“ಕೂತು ಕೇಳೋದಾ? ನಮ್ಮ ವಂಶದಲ್ಲಿ ಕೂತು ಕೇಳಿದೋರು ಒಬ್ಬರೂ ಇಲ್ಲ!”

“ನಾನೂ ಮದುವೆ ಆದಾಗಿಂದ ಅದನ್ನೇ ಹೇಳ್ತಾ ಇದೀನಿ,” ಎಂದು ಒಲೆಯ ಕಡೆಯಿಂದ ಹೆಂಡತಿಯ ಧ್ವನಿ ಬಂತು.

ಡೋಲಣ್ಣನ ಕಸುಬು ಬಸ್ ರಿಪೇರಿ ಶೆಡ್ಡಿನಲ್ಲಿ ಎಂಜಿನ್ ಬಿಚ್ಚುವುದು. ಆದರೆ ಅವನನ್ನು ಮೆಕ್ಯಾನಿಕ್ ಎಂದು ಕರೆದವರು ಯಾರೂ ಇಲ್ಲ. ಶೆಡ್ಡಿನ ಕಾರ್ಮಿಕ ಸಂಘ ಮುಷ್ಕರ ಹೂಡಿದಾಗಲೆಲ್ಲ ಮೆರವಣಿಗೆಯ ಮುಂದೆ ಡೋಲು ಬಾರಿಸಿಕೊಂಡು ನಡೆದವನು ಅವನು. ಗೇಟಿನ ಹತ್ತಿರ ಅಧಿಕಾರಿ ಬಂದು “ನಿಲ್ಲಿಸಿ!” ಎಂದು ಕೂಗಿದರೆ ಸಾಕು, ಡೋಲಣ್ಣನ ತೋಳಿಗೆ ಎಲ್ಲಿಲ್ಲದ ಹುರುಪು ಬರುತ್ತಿತ್ತು. ಒಮ್ಮೆ ಹಾಗೆ ಕೂಗಿ ಕೂಗಿ ಅಧಿಕಾರಿಯ ಗಂಟಲೇ ಕಟ್ಟಿ, ಮಾತುಕತೆಗೆ ಅವರು ಸನ್ನೆಯಲ್ಲೇ ಕರೆಯಬೇಕಾಯಿತು. (ಸಂಬಳ ಹೆಚ್ಚಾದದ್ದು ಆ ಸನ್ನೆಯಿಂದಲೇ ಎಂದು ಡೋಲಣ್ಣ ಇಂದಿಗೂ ವಾದಿಸುತ್ತಾನೆ.)

ಇಂಥವನ ಮಗಳಿಗೆ ಬೇರೆಯದೇ ಕಿವಿ. ಮೆಟ್ಟಿಲ ಮೇಲೆ ಯಾರು ಬರುತ್ತಿದ್ದಾರೆಂದು ಚಪ್ಪಲಿಯ ಸದ್ದಿನಲ್ಲೇ ಹೇಳುತ್ತಿದ್ದಳು. ಬಾಗಿಲ ಚಿಲಕ ತೆಗೆಯುವ ರೀತಿಯಿಂದಲೇ ಅಪ್ಪನ ಅಂದಿನ ಮನಃಸ್ಥಿತಿ ಅಳೆದು ಪುಸ್ತಕ ಹಿಡಿದು ಕೂರುತ್ತಿದ್ದಳು. ಶಾಲೆಯ ಕೊಳಲನ್ನು ಮನೆಯಲ್ಲಿ ಒಬ್ಬಳೇ ಊದಿದರೆ ಕೇಳುವಂತಿತ್ತು. ನಾಲ್ಕು ಜನ ಎದುರು ಕೂತರೆ ಮಾತ್ರ ಬೆರಳು ನಡುಗಿ, ಕೊಳಲಿನಿಂದ ಬರೀ ಗಾಳಿ ಬರುತ್ತಿತ್ತು. ಈ ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ವರ್ಷವೂ ಸಂಗೀತ. ಇಲ್ಲದಿದ್ದರೆ ಲೆಕ್ಕಪತ್ರದ ತರಗತಿ. ಲೆಕ್ಕಪತ್ರ ಎಂದರೆ ಅವಳಿಗೆ ಆಗುತ್ತಿರಲಿಲ್ಲ.

“ಕೈ ನಡುಗುತ್ತೆ ಅಪ್ಪ.”

“ನಡುಗಲಿ ಬಿಡು. ಮೊದಲ ಮೆರವಣಿಗೇಲಿ ನನ್ನ ಕಾಲೂ ನಡುಗಿತ್ತು. ಹಿಂದಿದ್ದೋರು ಅದನ್ನೇ ತಾಳ ಅಂದ್ಕೊಂಡು ಹೆಜ್ಜೆ ಹಾಕಿದ್ರು.”

ಡೋಲಣ್ಣನ ಮನೆಯಲ್ಲಿ ಯಾವ ವಿಷಯವೂ ಹಾಗೇ ತೀರ್ಮಾನವಾಗುವುದಿಲ್ಲ. ಸಭೆ ಸೇರಬೇಕು, ಕೈ ಎತ್ತಬೇಕು. ಪರದೆಗೆ ಯಾವ ಬಣ್ಣ ಎಂಬುದಕ್ಕೂ ಸಭೆ. ಅವತ್ತು ರಾತ್ರಿ ಊಟದ ತಟ್ಟೆಗಳ ನಡುವೆಯೇ ಮಹಾಸಭೆ ಕೂಡಿತು.

“ನುಡಿಸೋ ಪರೀಕ್ಷೆ ಪರವಾಗಿ ಇರೋರು ಕೈ ಎತ್ತಿ,” ಎಂದು ಅಧ್ಯಕ್ಷ ಡೋಲಣ್ಣ ತಾನೇ ಮೊದಲು ಎತ್ತಿದ. ಮೂಲೆಯಲ್ಲಿ ಕೂತಿದ್ದ ಅವನ ತಾಯಿ, ಅಂದರೆ ಅಜ್ಜಿ, ತಾನೂ ಎತ್ತಿದಳು. ಅಜ್ಜಿಗೆ ಕಿವಿ ಕೇಳುವುದಿಲ್ಲ. ಯಾರು ಕೈ ಎತ್ತಿದರೂ ಎತ್ತುತ್ತಾಳೆ.

“ಕೇಳೋ ಪರೀಕ್ಷೆ ಪರ?” ಹೆಂಡತಿ, ಮಗಳು ಎತ್ತಿದರು. ಅಜ್ಜಿ ಮತ್ತೆ ಎತ್ತಿದಳು.

“ನಮ್ಮಮ್ಮಂದು ಆಗ್ಲೇ ಲೆಕ್ಕಕ್ಕೆ ಬಂದಾಯ್ತು. ಎರಡೂ ಕಡೆ ಸಮ. ಸಮ ಬಂದ್ರೆ ಅಧ್ಯಕ್ಷರ ಮತ. ನುಡಿಸೋದೇ!”

“ಇದ್ಯಾವ ಸೀಮೆ ಪ್ರಜಾಪ್ರಭುತ್ವ ರೀ? ಪರೀಕ್ಷೆಗೆ ಕೂರೋಳು ಅವಳೋ ನೀವೋ?”

“ತಾಳ ಹಾಕೋಕೆ ಮನೆಯೋರು ಒಬ್ಬರು ಜೊತೆಗೆ ಹೋಗಬಹುದಂತಲ್ಲ? ನಾನೂ ಹೋಗ್ತೀನಿ. ಡೋಲು ತಗೊಂಡು.”

ತಾಯಿ ಮಗಳು ಮುಖ ಮುಖ ನೋಡಿಕೊಂಡರು.

“ಅಪ್ಪ, ಅಲ್ಲಿ ಎರಡು ಭಾಗ ಇರುತ್ತೆ,” ಮಗಳು ಮೆಲ್ಲಗೆ ಹೇಳಿದಳು. “ಮೊದಲು ಡೋಲಿನ ಜೊತೆ ಕೊಳಲು. ಆಮೇಲೆ ಪರೀಕ್ಷೆ ಮಾಡೋ ಮೇಡಂ ಡೋಲು ನಿಲ್ಲಿಸೋಕೆ ಹೇಳ್ತಾರೆ, ನಾನೊಬ್ಬಳೇ ನುಡಿಸ್ಬೇಕು. ಅರ್ಧಕ್ಕೇ ಕೆಟ್ಟು ಹೋದ್ರೆ, ಬೇರೆ ದಿನ ಕೇಳೋ ಪರೀಕ್ಷೆಗೆ ಕೂರಿಸ್ತಾರಂತೆ.”

“ಅರ್ಧಕ್ಕೆ ಕೆಡೋ ಮಾತೇ ಇಲ್ಲ! ನಾನು ಡೋಲು ಹಿಡಿದ ಮೇಲೆ ಅರ್ಧಕ್ಕೆ ನಿಲ್ಲಿಸಿದ್ದು ಯಾವತ್ತಾದ್ರೂ ಕಂಡಿದೀಯಾ?”

ಮಗಳು ಸ್ವಲ್ಪ ಹೊತ್ತು ಯೋಚಿಸಿದಳು. “ಇಲ್ಲಪ್ಪ,” ಎಂದಳು. ಆಮೇಲೆ ಚರ್ಚೆಯನ್ನೇ ಮಾಡಲಿಲ್ಲ. ನಾಯಕತ್ವಕ್ಕೆ ಮಣಿದಳೆಂದು ಡೋಲಣ್ಣ ಬೀಗಿದ.

ಮರುದಿನದಿಂದ ತಾಲೀಮು. ಇರುವುದು ಎರಡು ಕೋಣೆ. ಡೋಲು ಬಿದ್ದೊಡನೆ ಕಪಾಟಿನ ಲೋಟಗಳು ಒಂದರ ಮೈಗೊಂದು ತಾಕಿ ನಡುಗುತ್ತಿದ್ದವು. ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ತರಕಾರಿ ಹೆಚ್ಚುತ್ತಿದ್ದಳು. ಮನೆಯಲ್ಲಿ ಈ ಸಂಗೀತವನ್ನು ತಲೆದೂಗಿ ಸವಿದವಳು ಅಜ್ಜಿ ಒಬ್ಬಳೇ.

“ಅಪ್ಪ, ಸ್ವಲ್ಪ ನಿಧಾನ. ಇದು ಮಗು ಮಲಗಿಸೋ ಹಾಡು.”

“ನಿಧಾನ ಮಾಡಿದ್ರೆ ಹಿಂದಿರೋ ಜನ ಚದುರಿ ಹೋಗ್ತಾರೆ!”

“ಹಿಂದೆ ಗೋಡೆ ಇದೆ ಅಪ್ಪ.”

ಮೇಲಿನ ಮನೆಯ ದರ್ಜಿ ತಡೆಯಲಾರದೆ ಕೋಲಿನಿಂದ ನೆಲ ಕುಟ್ಟಿದ. ಡೋಲಣ್ಣನ ಮುಖ ಅರಳಿತು. “ನೋಡು, ಮೇಲ್ಗಡೆಯೋರೂ ಬೆಂಬಲ ಸೂಚಿಸಿದ್ರು!” ದರ್ಜಿ ಇಳಿದು ಬಂದು ಬಾಗಿಲು ಬಡಿದಾಗ, ಅದೂ ತಾಳಕ್ಕೆ ಸರಿಯಾಗಿಯೇ ಇದೆಯೆಂದು ಮೆಚ್ಚಿಕೊಂಡ. ಹುಡುಗಿಯಂತೂ ಅಪ್ಪ ಓಡಿದಲ್ಲಿ ಓಡಿ, ಎಡವಿದಲ್ಲಿ ಕಾದು, ಹೇಗೋ ಕೊಳಲನ್ನು ಅವನ ಜೊತೆ ಎಳೆದುಕೊಂಡು ಹೋಗುತ್ತಿದ್ದಳು.

ಪರೀಕ್ಷೆಯ ದಿನ ಡೋಲಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡೋಲಿಗೆ ಹೊಸ ಪಟ್ಟಿ ಬಿಗಿದು, ವಿಜಯಯಾತ್ರೆಗೆ ಹೊರಟ ಚಕ್ರವರ್ತಿಯಂತೆ ಶಾಲೆಗೆ ಹೋದ. ಪರೀಕ್ಷೆ ಮಾಡಲು ಬಂದಿದ್ದವರು ಬೇರೆ ಶಾಲೆಯ ಸಂಗೀತದ ಮೇಡಂ. ಕನ್ನಡಕಕ್ಕೆ ಸರಪಳಿ, ಧ್ವನಿ ಇರುವೆಗೂ ನೋವಾಗದಷ್ಟು ಮೆದು. ಪಕ್ಕದ ಕೋಣೆಯಲ್ಲಿ, ತೆಳ್ಳನೆಯ ಹಲಗೆಯ ಗೋಡೆಯಾಚೆ, ಕೇಳುವ ಪರೀಕ್ಷೆ ನಡೆಯುತ್ತಿತ್ತು. ಮಗಳು ಮೇಡಂ ಬಳಿ ಹೋಗಿ ಕಿವಿಯಲ್ಲಿ ಏನೋ ಹೇಳಿದಳು. ಮೇಡಂ ತಲೆಯಾಡಿಸಿದರು.

ಮೊದಲ ಭಾಗ ಹೇಗೋ ದಡ ಸೇರಿತು. ಮಗು ಮಲಗಿಸುವ ಹಾಡು ಕವಾಯತಿನ ನಡಿಗೆಗೆ ತಿರುಗಿತ್ತು, ಅಷ್ಟೇ. ಮೇಡಂ ಎದ್ದು ನಿಂತರು. ಉಸಿರೆಳೆದುಕೊಂಡರು. ಆ ಮೆದು ಗಂಟಲಿನಿಂದ ಹೊರಟಿತು ಒಂದು ಗುಡುಗು:

“ನಿಲ್ಲಿಸಿ!”

ಡೋಲಣ್ಣನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಶಾಲೆ ಹೋಯಿತು, ಮೇಡಂ ಹೋದರು, ಎದುರಿಗಿದ್ದದ್ದು ಶೆಡ್ಡಿನ ಕಬ್ಬಿಣದ ಗೇಟು. ತೋಳು ಎರಡರಷ್ಟು ವೇಗ ಹಿಡಿಯಿತು.

“ನಿಲ್ಲಿಸಿ ಅಂದೆ!”

ಡೋಲಣ್ಣ ಎದ್ದು ನಿಂತ. ಮೂರನೆಯ ಸಲ ಕೂಗಿದಾಗ ನಡೆಯತೊಡಗಿದ. ಕೋಣೆಯ ಸುತ್ತ ಏಕವ್ಯಕ್ತಿ ಮೆರವಣಿಗೆ ಹೊರಟಿತು. ಹಿಂದಿನಿಂದ ಕೈಬೀಸುತ್ತ ಮೇಡಂ, ಅವರ ಹಿಂದೆ ಜವಾನ. ದೂರದಿಂದ ನೋಡಿದವರಿಗೆ ಸಂಘದ ಬಲ ಹೆಚ್ಚಿದಂತೆಯೇ ಕಾಣುತ್ತಿತ್ತು. ಹಲಗೆಯ ಗೋಡೆಯಾಚೆ ಪಿಟೀಲು ಕೇಳಿಸಿಕೊಳ್ಳಬೇಕಾದ ಮಕ್ಕಳೆಲ್ಲ ನಿಷ್ಠೆಯಿಂದ ‘ಡೋಲು’ ಎಂದು ಬರೆದರು. ಮುಂದಿನ ಪ್ರಶ್ನೆಗೂ ‘ಡೋಲು’. ಅದರ ಮುಂದಿನದಕ್ಕೆ ಒಬ್ಬ ‘ಭೂಕಂಪ’ ಎಂದು ಬರೆದನಂತೆ.

ಕೊನೆಗೆ ಮಗಳೇ ಅಪ್ಪನ ಪಕ್ಕಕ್ಕೆ ಬಂದು ಹೇಳಿದಳು: “ಅಪ್ಪ, ಇನ್ನೂ ಜೋರಾಗಿ ಬಾರಿಸ್ಬೇಕಂತೆ. ಮೇಡಂ ಆಜ್ಞೆ!”

ಡೋಲು ತಟ್ಟನೆ ನಿಂತಿತು. “ಆಜ್ಞೆನಾ? ಯಾರಿಗೆ ಆಜ್ಞೆ ಮಾಡೋದು? ಬಾರಿಸಲ್ಲ ಹೋಗಿ!”

ಆಗ ಅವನು ಕಣ್ಣು ತೆರೆದ. ಮೇಡಂ ಗಂಟಲು ಹಿಡಿದುಕೊಂಡು ಕುರ್ಚಿಗೆ ಕುಸಿದಿದ್ದರು.

“ನಿಮ್ಮ ಮಗಳ ನುಡಿಸೋ ಪರೀಕ್ಷೆ ಕೆಟ್ಟುಹೋಯ್ತು,” ಎಂದು ಪಿಸುಗುಟ್ಟಿದರು. “ಪಕ್ಕದ ಕೋಣೆ ಮಕ್ಕಳದೂ ಹೋಯ್ತು. ನಾಡಿದ್ದು ಎಲ್ಲರಿಗೂ ಮತ್ತೆ ಕೇಳೋ ಪರೀಕ್ಷೆ. ನಿಮ್ಮ ಹುಡುಗಿನೂ ಅಲ್ಲೇ ಬರೀಲಿ. ಅಲ್ಲ, ನನಗೆ ಕೂಗಿ ಅಭ್ಯಾಸವೇ ಇಲ್ಲ. ‘ಅಪ್ಪನಿಗೆ ಕಿವಿ ಮಂದ, ನಿಲ್ಲಿಸಿ ಅಂತ ಜೋರಾಗಿ ಕೂಗಿ’ ಅಂತ ಇವಳೇ ಹೇಳಿದ್ದು.”

ಡೋಲಣ್ಣ ಮಗಳ ಕಡೆ ತಿರುಗಿದ. ಅವಳು ಕೊಳಲನ್ನು ಬಟ್ಟೆಯಲ್ಲಿ ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದಳು.

ಡೋಲನ್ನು ಹೆಗಲಿಗೇರಿಸಿ ಅವನು ಮನೆಯ ದಾರಿ ಹಿಡಿದ. ತಿರುವಿನಲ್ಲಿ, “ಮೇಡಂನೇ ಅಧಿಕಾರಿ ಮಾಡಿ ನನ್ನ ಆಡಿಸಿಬಿಟ್ಯಲ್ಲೇ!” ಎಂದ. ಅದರಲ್ಲಿ ಅರ್ಧ ಸಿಟ್ಟು, ಉಳಿದರ್ಧ ಏನೆಂದು ಮಗಳ ಕಿವಿಗೆ ಸರಿಯಾಗಿಯೇ ಗೊತ್ತಾಯಿತು.

ಕೇಳುವ ಪರೀಕ್ಷೆಯಲ್ಲಿ ಅವಳೇ ಮೊದಲು ಬಂದಳು. ತಾಳ ಎಲ್ಲೆಲ್ಲಿ ತಪ್ಪಿತೆಂದು ಹೇಳುವ ಪ್ರಶ್ನೆಯಲ್ಲಿ ಒಂದೂ ಬಿಟ್ಟಿರಲಿಲ್ಲವಂತೆ. ಇಷ್ಟು ಚೆನ್ನಾಗಿ ಮನೆಯಲ್ಲಿ ಯಾರು ಕಲಿಸಿದರೆಂದು ಮೇಡಂ ಕೇಳಿದರಂತೆ. “ನಮ್ಮಪ್ಪ,” ಎಂದಳಂತೆ. ಇದನ್ನು ಕೇಳಿ ಡೋಲಣ್ಣ ಉಬ್ಬಿಹೋದ. ಬೀದಿಯ ತುದಿಯವರೆಗೂ ಹೋಗಿ ಎಲ್ಲರಿಗೂ ಹೇಳಿ ಬಂದ. ಬಂದು, ಖುಷಿಗೆ ಡೋಲು ಎತ್ತಿಕೊಂಡ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಅಡುಗೆಕೋಣೆಯಿಂದ ಹೊರಗೆ ಬಂದಳು.

“ಬಾರಿಸಿ ರೀ. ಈಗಲೇ ಬಾರಿಸ್ಬೇಕು. ಇನ್ಮೇಲೆ ದಿನಾ ಬಾರಿಸಲೇಬೇಕು. ಇದು ನನ್ನ ಆಜ್ಞೆ!”

ಎತ್ತಿದ ಕೋಲು ಹಾಗೇ ಗಾಳಿಯಲ್ಲಿ ನಿಂತಿತು. ಬಾರಿಸಿದರೆ ಆಜ್ಞೆಗೆ ತಲೆಬಾಗಿದಂತೆ. ಬಾರಿಸದಿದ್ದರೆ ಅವಳಿಗೆ ಬೇಕಾದ್ದೇ ಆದಂತೆ. ಇಷ್ಟು ವರ್ಷದ ಹೋರಾಟದಲ್ಲಿ ಯಾವ ಅಧಿಕಾರಿಗೂ ಹೊಳೆಯದ ಉಪಾಯವನ್ನು ಸ್ವಂತ ಹೆಂಡತಿ ಹೂಡಿದ್ದಳು. ಡೋಲಣ್ಣ ಅತ್ತಲೂ ಹೋಗಲಾರದೆ ಇತ್ತಲೂ ಹೋಗಲಾರದೆ, ಕೈ ಮೇಲೆತ್ತಿಕೊಂಡೇ ನಿಂತ.

ಮೂಲೆಯಲ್ಲಿದ್ದ ಅಜ್ಜಿ ಅವನನ್ನು ನೋಡಿದಳು. ಏನೋ ತೀರ್ಮಾನ ಆಗುತ್ತಿದೆ ಎಂದುಕೊಂಡು ತಾನೂ ಕೈ ಎತ್ತಿದಳು. ಮಗಳು ಎತ್ತಿದಳು. ಹೆಂಡತಿಯೂ ಎತ್ತಿದಳು.

“ಸರ್ವಾನುಮತ,” ಎಂದಳು ಹೆಂಡತಿ. “ಡೋಲು ಅಟ್ಟಕ್ಕೆ.”