ಎರಡು ಪ್ರೊಸೆಸರ್, ಒಂದು ಬೀಗರೂಟ

ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಸುವುದರಲ್ಲಿ ನನ್ನನ್ನು ಮೀರಿಸುವವರು ಮೂಡಿಗೆರೆ ಸುತ್ತಮುತ್ತ ಇದ್ದರೆ ಇರಬಹುದು, ನನಗಂತೂ ಇನ್ನೂ ಸಿಕ್ಕಿಲ್ಲ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂದು ಅಕ್ಕಪಕ್ಕದ ತೋಟದವರು ಕೇಳುವುದು ನನ್ನನ್ನೇ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: "ಎಲೆ ಮೇಲೆ ಬಿದ್ರೆ ಸಾಲ್ದು, ಅಡಿಗೂ ಬೀಳ್ಬೇಕು. ರೋಗ ಕೂರೋದೇ ಅಡೀಲಿ." ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿದ್ದರಿಂದಲೇ ಇಷ್ಟೆಲ್ಲ ಆಯಿತು!

ನನ್ನ ಹೆಂಡತಿ ಪ್ರಮೀಳಾ ಮದುವೆಗಳ ವಿಡಿಯೋ ಮಾಡುತ್ತಾಳೆ. ಇಷ್ಟು ದಿನ ನಂಟರ ಮನೆಯ ಮದುವೆಗಳು ಮಾತ್ರ ಸಿಗುತ್ತಿದ್ದವು. ಅವರು ಚೆನ್ನಾಗಿ ಊಟ ಹಾಕಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಈ ಮೇ ತಿಂಗಳಲ್ಲಿ ಮೊದಲ ಬಾರಿಗೆ ಹೊರಗಿನವರು ಕರೆದರು. ಕಳಸದ ಕಡೆಯ ಒಂದು ದೊಡ್ಡ ಮನೆ. ಮದುವೆ ಬುಧವಾರ ಮುಗಿಯಿತು. ಹನ್ನೊಂದು ದಿನ ಬಿಟ್ಟು ಭಾನುವಾರ ಬೀಗರೂಟ. ಎರಡೂ ಕಡೆಯ ನಂಟರು ಬಾಡೂಟಕ್ಕೆ ಸೇರಿದಾಗ ದೊಡ್ಡ ಪರದೆಯ ಮೇಲೆ ಪ್ರಮೀಳಾಳ ವಿಡಿಯೋ ಹಾಕಬೇಕು. ಅಲ್ಲಿ ಮೆಚ್ಚಿಗೆಯಾದರೆ ಮುಂದಿನ ಮದುವೆಗಳು ತಾವಾಗಿ ಬರುತ್ತವೆ. ಆಗದಿದ್ದರೆ ಮತ್ತೆ ನಂಟರ ಮನೆ, ಮತ್ತೆ ಊಟ, ಮತ್ತೆ ಬೆನ್ನು.

ಅಡ್ಡಿಯಾಗಿದ್ದು ನಮ್ಮ ಹಳೆಯ ಕಂಪ್ಯೂಟರ್. ಎಡಿಟ್ ಆದ ವಿಡಿಯೋವನ್ನು ಹೊರಗೆ ತೆಗೆಯಲು ಹೇಳಿದರೆ ನೂರಕ್ಕೆ ಅರವತ್ತು ಮುಗಿಸಿ ನಿಂತುಬಿಡುತ್ತಿತ್ತು. ಅದರ ಫ್ಯಾನಿನ ಸದ್ದು ತಾಳಲಾರದೆ, ವರ್ಷಗಟ್ಟಲೆ ಅದರ ಪಕ್ಕದಲ್ಲೇ ಮಲಗುತ್ತಿದ್ದ ಬೆಕ್ಕು ಕೂಡ ಜಾಗ ಬದಲಿಸಿತ್ತು.

"ಹೊಸದು ತಗೊಳ್ಳಣ ಕಣ್ರೀ. ಅಂಗಡಿಯವರು ಯಾವುದು ಒಳ್ಳೇದು ಅಂತಾರೋ ಅದನ್ನ ತಂದ್ಬಿಡಿ," ಎಂದಳು ಪ್ರಮೀಳಾ.

ಅಂಗಡಿಯವರು ಹೇಳಿದ್ದನ್ನು ತರುವುದೇ! ಹಾಗಾದರೆ ಮನೆಯಲ್ಲಿ ನಾನೇಕಿರುವುದು?

"ನೋಡು ಪ್ರಮೀಳಾ, ಕಂಪ್ಯೂಟರ್ ಅಂದ್ರೆ ಪ್ರೊಸೆಸರ್. ಅದನ್ನ ಆರಿಸೋದಕ್ಕೆ ಒಂದು ಕ್ರಮ ಅಂತ ಇದೆ. ನಂಗೆ ಬಿಡು."

ಅವಳು ಬಿಟ್ಟಳು. ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಅವಳು ಮಾಡಿದ ತಪ್ಪುಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು. ಇದು ಹೆಬ್ಬೆರಳು.

ಒಂದು ಉದ್ದ ನೋಟ್‌ಬುಕ್ ತೆಗೆದು ಗೆರೆ ಎಳೆದೆ. ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ನೋಡಿ, ಇದ್ದಬದ್ದ ಪ್ರೊಸೆಸರ್‌ಗಳಲ್ಲಿ ಎರಡನ್ನು ಅಂತಿಮ ಸುತ್ತಿಗೆ ಆರಿಸಿದೆ. ಅವುಗಳ ಹೆಸರಿನಲ್ಲಿ ಅಕ್ಷರಕ್ಕಿಂತ ಅಂಕಿಯೇ ಹೆಚ್ಚಿದ್ದುದರಿಂದ ಒಂದಕ್ಕೆ ಅರೇಬಿಕಾ, ಇನ್ನೊಂದಕ್ಕೆ ರೋಬಸ್ಟಾ ಎಂದು ನಾಮಕರಣ ಮಾಡಿದೆ. ಅರೇಬಿಕಾದಲ್ಲಿ ಎಂಟು ಕೋರ್. ಗೇಮಿಂಗ್‌ಗೆ ಅದೇ ರಾಜ. ಬಿಸಿಯೂ ಕಡಿಮೆ, ಕರೆಂಟೂ ಕಡಿಮೆ. ರೋಬಸ್ಟಾದಲ್ಲಿ ಇಪ್ಪತ್ತು ಕೋರ್. ವಿಡಿಯೋ ಕೆಲಸಕ್ಕೆ ಗಟ್ಟಿ, ಆದರೆ ಬೇಗ ಕಾಯುತ್ತದೆ. ಬೆಲೆಯಲ್ಲಿ ಎರಡೂ ಅಕ್ಕಪಕ್ಕ.

ನಾಲ್ಕನೆಯ ದಿನ ಪಕ್ಕದ ತೋಟದ ಧರ್ಮಣ್ಣ ಬಂದರು. ನನಗಿಂತ ಹಿರಿಯರು. ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ.

"ಕೋರ್ ಅಂದ್ರೆ ಎಂಥದು ಮಾರಾಯ?"

"ಕಾಫಿ ಹಣ್ಣು ಕುಯ್ಯೋ ಆಳು ಅಂತ ಇಟ್ಕೊಳ್ಳಿ. ಇದ್ರಲ್ಲಿ ಎಂಟೇ ಜನ, ಆದ್ರೆ ಎಲ್ಲ ಕೈ ಪಳಗಿದೋರು. ಸೊಂಟದ ಚೀಲನೂ ದೊಡ್ಡದು, ಪದೇ ಪದೇ ಸುರಿಯೋಕೆ ಹೋಗ್ಬೇಕಿಲ್ಲ. ಅದ್ರಲ್ಲಿ ಇಪ್ಪತ್ತು ಜನ. ಎಂಟು ಜನ ಪಳಗಿದೋರು, ಹನ್ನೆರಡು ಜನ ಹೊಸಬರು."

"ಇಪ್ಪತ್ತು ಜನ ಬರ್ತೀನಿ ಅಂದ್ರೆ ಬಿಡ್ತಾರಾ ಯಾರಾದ್ರೂ? ಈಗ ಆಳು ಸಿಗೋದೇ ಕಷ್ಟ. ಕಣ್ಣು ಮುಚ್ಕಂಡು ಇಪ್ಪತ್ತು ತಗೋ!"

ಒಳಗಿನಿಂದ ಪ್ರಮೀಳಾ ಕೂಗಿದಳು. "ಧರ್ಮಣ್ಣ ಹೇಳಿದ್ದು ಸರಿ ಇದೆ. ನಂದು ವಿಡಿಯೋ ಕೆಲ್ಸ. ಆ ಇಪ್ಪತ್ತರದ್ದೇ ತನ್ನಿ."

ಇಲ್ಲಿ ಒಂದು ಸತ್ಯ ಒಪ್ಪಿಕೊಂಡುಬಿಡುತ್ತೇನೆ. ಘಾಟಿ ರಸ್ತೆಯಲ್ಲಿ ಲಾರಿ ಓಡಿಸುವ ಒಂದು ಕಂಪ್ಯೂಟರ್ ಆಟವಿದೆ. ಹಳೆಯ ಕಂಪ್ಯೂಟರಿನಲ್ಲಿ ನನ್ನ ಲಾರಿ ಮೊದಲ ತಿರುವಿನಲ್ಲೇ ನಿಂತು ನಡುಗುತ್ತಿತ್ತು. ಅರೇಬಿಕಾದಲ್ಲಾದರೆ ಅದು ಬೆಣ್ಣೆಯ ಮೇಲೆ ಹೋದಂತೆ ಹೋಗುತ್ತದೆ ಎಂದು ಬಲ್ಲವರು ವಿಡಿಯೋದಲ್ಲಿ ತೋರಿಸಿದ್ದರು. ಆದ್ದರಿಂದ ನನ್ನ ತುಲನಾತ್ಮಕ ಅಧ್ಯಯನ ನಿಷ್ಪಕ್ಷಪಾತವಾಗಿ ಅರೇಬಿಕಾದ ಕಡೆಗೆ ವಾಲತೊಡಗಿತು. ನೂರು ಅಂಕಗಳಲ್ಲಿ ಗೇಮಿಂಗ್‌ಗೆ ಐವತ್ತು ಇಟ್ಟೆ.

ಪ್ರಮೀಳಾ ನೋಟ್‌ಬುಕ್ ನೋಡಿದಳು. "ಗೇಮಿಗೆ ಯಾಕ್ರೀ ಐವತ್ತು? ಮದುವೆ ವಿಡಿಯೋದಲ್ಲಿ ಯಾರು ಆಡ್ತಾರೆ?"

"ಅದು ಕಂಪ್ಯೂಟರಿಗೆ ಅಗ್ನಿಪರೀಕ್ಷೆ. ಗೇಮ್ ತಡ್ಕೊಂಡಿದ್ದು ಏನನ್ನಾದ್ರೂ ತಡ್ಕೊಳ್ಳತ್ತೆ."

"ನಿಮ್ಮನ್ನ ತಡ್ಕೊಂಡೋಳು ಏನನ್ನಾದ್ರೂ ತಡ್ಕೋಬಹುದು ಅಂದಂಗೆ," ಎಂದು ಒಳಗೆ ಹೋದಳು.

ಹೀಗೆ ಎಂಟು ದಿನ ಕಳೆದವು. ಉಳಿದದ್ದು ಮೂರು! ಶುಕ್ರವಾರ ಬೆಳಗ್ಗೆ ಚಿಕ್ಕಮಗಳೂರಿಗೆ ಜೀಪು ಓಡಿಸಿದೆ. ಹೊಸದು ಬರುವುದು ಖಚಿತವೆಂದಮೇಲೆ ಹಳೆಯದು ಮನೆಯಲ್ಲೇಕೆ? ಅದನ್ನು ಜೀಪಿನ ಹಿಂದೆ ಹೇರಿಕೊಂಡು ಹೋಗಿ, ದಾರಿಯಲ್ಲಿ ವಸ್ತಾರೆಯಲ್ಲಿರುವ ಅತ್ತಿಗೆಗೆ ದಾನ ಮಾಡಿದೆ. ಅತ್ತಿಗೆ ಬಹಳ ಸಂತೋಷಪಟ್ಟರು. "ಪ್ರಮೀಳಂಗೆ ಬೇಡ್ವಾ ಇದು?" ಎಂದು ಎರಡು ಸಲ ಕೇಳಿದರು. ನಾನು ನಕ್ಕೆ. ಗೆದ್ದವರು ನಗುತ್ತಾರಲ್ಲ, ಆ ನಗು.

ಅಂಗಡಿಯಲ್ಲಿ ಅರೇಬಿಕಾ ಕೊಂಡೆ. ಜೊತೆಗೆ ಅದನ್ನು ಕೂರಿಸುವ ಮದರ್‌ಬೋರ್ಡ್, ಫ್ಯಾನು, ಡಬ್ಬ ಇತ್ಯಾದಿ.

"ನಾಳೆ ಮಧ್ಯಾಹ್ನ ಬನ್ನಿ ಸರ್, ನಾವೇ ಜೋಡಿಸಿ ಕೊಡ್ತೀವಿ," ಎಂದ ಅಂಗಡಿಯವ.

"ಐದು ಹಾರ್ಸ್‌ಪವರ್ ಪಂಪ್‌ಸೆಟ್ಟನ್ನ ಒಬ್ಬನೇ ಬಿಚ್ಚಿ ಜೋಡಿಸಿದೋನು ನಾನು. ಇದೆಷ್ಟರದ್ದು?"

ಅವನು ಪಂಪ್‌ಸೆಟ್ಟಿಗೆ ಗೌರವ ಕೊಟ್ಟು ಎಲ್ಲವನ್ನೂ ಕಟ್ಟಿಕೊಟ್ಟ. ಕೊನೆಗೆ ಒಂದು ಸಣ್ಣ ಟ್ಯೂಬ್ ಕೊಟ್ಟ. "ಇದು ಪೇಸ್ಟ್ ಸರ್. ಪ್ರೊಸೆಸರ್ ಬಿಸಿ ಆಗದ ಹಾಗೆ ಹಚ್ಚೋದು. ಒಂದು ಬಟಾಣಿ ಕಾಳಿನಷ್ಟು ಸಾಕು."

ಬಟಾಣಿ ಕಾಳಿನಷ್ಟು! ಔಷಧಿ ಹೊಡೆಸುವುದರಲ್ಲಿ ಜಿಪುಣತನ ಮಾಡಿ ತೋಟ ಕಳೆದುಕೊಂಡವರನ್ನು ನಾನು ಎಷ್ಟು ಜನರನ್ನು ನೋಡಿಲ್ಲ? "ಇನ್ನೂ ಎರಡು ಟ್ಯೂಬ್ ಕೊಡಿ," ಎಂದೆ.

ಮಧ್ಯಾಹ್ನ ಮೂರಕ್ಕೆ ಊಟದ ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಧರ್ಮಣ್ಣ ಪ್ರೇಕ್ಷಕರು. ಪ್ರಮೀಳಾ ಮದುವೆಯ ದೃಶ್ಯಗಳಿದ್ದ ಹಾರ್ಡ್ ಡಿಸ್ಕನ್ನು ಎದೆಗವಚಿಕೊಂಡು ದೂರ ನಿಂತಿದ್ದಳು. ಆ ದೂರ ಅವಳ ಬುದ್ಧಿವಂತಿಕೆ.

ಪ್ರೊಸೆಸರ್ ಎಂದರೆ ಬಿಸ್ಕತ್ತಿಗಿಂತ ಚಿಕ್ಕದಾದ ಒಂದು ಬಿಲ್ಲೆ. ಮೇಲ್ಭಾಗಕ್ಕೆ ಧಾರಾಳವಾಗಿ ಪೇಸ್ಟ್ ಹಚ್ಚಿದೆ. ಆಮೇಲೆ ಅದನ್ನು ತಿರುಗಿಸಿ ನೋಡಿದೆ. ಅಡಿಯ ತುಂಬ ಹೊಂಬಣ್ಣದ ಚುಕ್ಕೆಗಳು! ತುಕ್ಕುರೋಗ ಬಡಿದ ಕಾಫಿ ಎಲೆಯ ಅಡಿಭಾಗ ಥೇಟ್ ಹೀಗೆಯೇ ಕಾಣುವುದು. ಮೂವತ್ತು ವರ್ಷಗಳಿಂದ ಅಂಥ ಚುಕ್ಕೆ ಕಂಡ ಕೂಡಲೇ ಔಷಧಿಗೆ ಕೈಹಾಕಿದ ಮನುಷ್ಯ ನಾನು. ಕೈ ತಾನಾಗಿ ಎರಡನೆಯ ಟ್ಯೂಬಿನ ಮುಚ್ಚಳ ತೆರೆಯಿತು.

"ಅಡಿಗೂ ಹಚ್ಬೇಕಾ ಮಾರಾಯ?" ಎಂದರು ಧರ್ಮಣ್ಣ.

"ಹೋದ ವಾರ ನಿಮ್ಮ ತೋಟಕ್ಕೆ ಬೋರ್ಡೋ ಹೊಡೆಸುವಾಗ ನಾನು ಏನು ಹೇಳ್ದೆ?"

"ಎಲೆ ಮೇಲೆ ಬಿದ್ರೆ ಸಾಲ್ದು, ಅಡಿಗೂ ಬೀಳ್ಬೇಕು ಅಂತ."

"ಮತ್ತೆ?"

"ಹೌದಲ್ಲ!" ಎಂದು ಧರ್ಮಣ್ಣ ತಲೆದೂಗಿದರು. ಅನುಭವಿ ಕೃಷಿಕರಿಬ್ಬರು ಒಮ್ಮತಕ್ಕೆ ಬಂದಮೇಲೆ ಇನ್ನೇನಿದೆ? ಒಂದು ಚುಕ್ಕೆಯೂ ಕಾಣದಂತೆ ಬಳಿದೆ. ಮದರ್‌ಬೋರ್ಡಿನಲ್ಲಿ ಕೂರಿಸಿ, ಮೇಲಿನ ಹಿಡಿ ಒತ್ತಿದೆ. ಸುತ್ತಲಿಂದ ಬೂದು ಬಣ್ಣದ ಪೇಸ್ಟ್ ಉಕ್ಕಿ ಬಂತು. ಔಷಧಿ ಎಲ್ಲ ಕಡೆ ತಲುಪಿದ್ದಕ್ಕೆ ಅದೇ ಗುರುತು ಎಂದುಕೊಂಡೆ.

ಸ್ವಿಚ್ ಹಾಕಿದೆ. ದೀಪ ಹತ್ತಿತು. ಫ್ಯಾನು ತಿರುಗಿತು. ಧರ್ಮಣ್ಣ ಚಪ್ಪಾಳೆ ತಟ್ಟಿದರು. ಪರದೆ ಮಾತ್ರ ಕಪ್ಪಗೇ ಇತ್ತು. ಐದು ನಿಮಿಷ ಕಾದೆವು. ಕಪ್ಪು ಇನ್ನೂ ಗಟ್ಟಿಯಾಯಿತು.

ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಅಡಿಗೆ ಹಚ್ಚಿದ್ರಾ?" ಎಂದ. ಮತ್ತೆ, "ಅಡಿಗಾ?" ಎಂದ. ಆಮೇಲೆ ಸಣ್ಣ ದನಿಯಲ್ಲಿ ವಿವರಿಸಿದ. ಆ ಚುಕ್ಕೆಗಳು ರೋಗವಲ್ಲವಂತೆ. ಪ್ರೊಸೆಸರ್ ಮಾತನಾಡುವುದೇ ಅವುಗಳ ಮೂಲಕವಂತೆ. ನಾನು ಅದರ ಬಾಯಿಗೆ ಗಾರೆ ಮೆತ್ತಿದ್ದೆ. "ಏನೂ ಮುಟ್ಬೇಡಿ ಸರ್, ಹಾಗೇ ತನ್ನಿ," ಎಂದ.

ಏನೂ ಮುಟ್ಟದೆ ಇರುವುದು ನನ್ನ ಜಾಯಮಾನವಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ ತಂದು ತಿಕ್ಕಿದೆ. ಪ್ರೊಸೆಸರ್ ಶುದ್ಧವಾಯಿತು. ಅದೇ ಉತ್ಸಾಹದಲ್ಲಿ ಮದರ್‌ಬೋರ್ಡನ್ನೂ ತಿಕ್ಕಿದೆ. ಅಲ್ಲಿ ಕೂದಲೆಳೆಯಂಥ ಸಾವಿರಾರು ಪಿನ್ನುಗಳಿದ್ದವೆಂದು ಗೊತ್ತಾಗುವಷ್ಟರಲ್ಲಿ ಒಂದು ಮೂಲೆಯ ಪಿನ್ನುಗಳೆಲ್ಲ ಗಾಳಿಗೆ ಮಲಗಿದ ಪೈರಿನಂತೆ ಮಲಗಿದ್ದವು. ಸೂಜಿಯಿಂದ ಒಂದನ್ನು ಎತ್ತಿ ನಿಲ್ಲಿಸಲು ಹೋದೆ. ಅದು ಮುರಿದು ಮೇಜಿನ ಮೇಲೆ ಬಿತ್ತು. ಧರ್ಮಣ್ಣ ಮನೆಯಲ್ಲಿ ಏನೋ ಮರೆತೆನೆಂದು ಎದ್ದು ಹೋದರು.

ಪ್ರಮೀಳಾ ಬೈಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಹಾರ್ಡ್ ಡಿಸ್ಕನ್ನು ಸೆರಗಿನಲ್ಲಿ ಒರೆಸಿ, "ಆ ಹುಡುಗಿ ಧಾರೆ ಎರೆಯೋ ಹೊತ್ತಿಗೆ ಅವಳ ಅಪ್ಪನ್ನ ನೋಡಿದ್ದು ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತೇನ್ರೀ," ಎಂದಳು. ಅವಳ ಕಣ್ಣು ತುಂಬಿತ್ತು. ಇಷ್ಟು ಹೊತ್ತು ನನ್ನನ್ನು ನಾನು ಎಂಜಿನಿಯರ್ ಎಂದುಕೊಂಡಿದ್ದವನಿಗೆ ಮುಖ ಎತ್ತಲಾಗದಷ್ಟು ನಾಚಿಕೆಯಾಯಿತು.

"ನಾಳೆ ಬೆಳಗ್ಗೆ ವಸ್ತಾರೆಗೆ ಬಿಡಿ," ಎಂದಳು. "ಹಳೇದ್ರಲ್ಲೇ ನೋಡ್ತೀನಿ. ಅರವತ್ತಕ್ಕೆ ನಿಂತ್ರೆ ಅರವತ್ತನ್ನೇ ತೋರಿಸ್ತೀನಿ."

ಶನಿವಾರ ಬೆಳಗ್ಗೆ ವಸ್ತಾರೆ ತಲುಪಿದಾಗ ಅತ್ತಿಗೆ ಹಳೆಯ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದರು. ಪ್ರಮೀಳಾ ಕೂತಳು. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಸಿ, ವಿಡಿಯೋ ಹೊರತೆಗೆಯಲು ಕೊಟ್ಟಳು. ಐವತ್ತಾಯಿತು. ಅರವತ್ತಾಯಿತು. ಅರವತ್ತೊಂದು. ಎಪ್ಪತ್ತು. ತೊಂಬತ್ತು. ನೂರು!

"ಇದೇನು ಅತ್ತಿಗೆ! ನಮ್ಮನೇಲಿ ಅರವತ್ತು ದಾಟ್ತಾ ಇರ್ಲಿಲ್ಲ!" ಎಂದೆ.

"ನಿನ್ನೆ ಧೂಳು ಹೊಡೆಯಣ ಅಂತ ಅದರ ಬಾಗಿಲು ತೆಗೆದೆ," ಎಂದರು ಅತ್ತಿಗೆ. "ಒಳಗೆ ಫ್ಯಾನಿಗೆ ಬೆಕ್ಕಿನ ಕೂದ್ಲು ಸುತ್ಕಂಡಿತ್ತು. ಒಂದು ದಿಂಬು ತುಂಬಬಹುದಿತ್ತು ಮಾರಾಯ! ಬಣ್ಣ ಹೊಡೆಯೋ ಬ್ರಷ್ಷಲ್ಲಿ ಒಂದು ಸಲ ಗುಡಿಸಿದೆ, ಅಷ್ಟೆ."

ಎಂಟು ದಿನಗಳ ಅಧ್ಯಯನ, ಎರಡು ಅಂತಿಮ ಸ್ಪರ್ಧಿಗಳು, ಮೂರು ಟ್ಯೂಬ್ ಪೇಸ್ಟ್. ಅತ್ತಿಗೆಗೆ ಬೇಕಾದದ್ದು ಒಂದು ಬ್ರಷ್! ಪ್ರಮೀಳಾ ನನ್ನನ್ನು ನೋಡಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತೆಂದು ಆಮೇಲೆ ಹೇಳಿದಳು.

ಭಾನುವಾರ ನನಗೆ ಉಳಿದಿದ್ದ ಏಕೈಕ ಜವಾಬ್ದಾರಿ ಡ್ರೈವರ್ ಕೆಲಸ. ಕೊಟ್ಟಿಗೆಹಾರ ದಾಟಿ ಕಳಸದವರೆಗೆ ಒಂದಾದಮೇಲೊಂದು ತಿರುವು. ಪ್ರೊಸೆಸರ್ ಇಲ್ಲದೆಯೇ ಘಾಟಿ ರಸ್ತೆಯ ಆಟ ನನಗೆ ಪೂರ್ತಿ ಸಿಕ್ಕಿತು.

ಬೀಗರೂಟದಲ್ಲಿ ಪರದೆಯ ಮೇಲೆ ಹುಡುಗಿ ಅಪ್ಪನ ಕಡೆ ನೋಡುವ ದೃಶ್ಯ ಬಂದಾಗ, ಅಷ್ಟು ಹೊತ್ತು ಕೋಳಿ ಸಾರಿನ ಬಗ್ಗೆ ಚರ್ಚಿಸುತ್ತಿದ್ದ ಪಂಕ್ತಿಗಳೆಲ್ಲ ತುತ್ತು ಬಿಟ್ಟು ತಲೆಯೆತ್ತಿದವು. ಹುಡುಗಿಯ ಅಪ್ಪ ಎಂಜಲು ಕೈಯಲ್ಲೇ ಎದ್ದು ಬಂದು, "ತಂಗಿ, ಇನ್ನೊಂದ್ಸಲ ಹಾಕಮ್ಮ" ಎಂದರು. ಊಟ ಮುಗಿಯುವಷ್ಟರಲ್ಲಿ ಪ್ರಮೀಳಾಳ ಕೈಗೆ ಎರಡು ಮದುವೆಗಳು ಬಂದಿದ್ದವು. "ಯಾವ ಕಂಪ್ಯೂಟರಲ್ಲಿ ಮಾಡಿದ್ರಿ?" ಎಂದು ಯಾರೋ ಕೇಳಿದರು. ನಾನು ಮಜ್ಜಿಗೆ ತರಲು ಹೋದೆ.

ಸೋಮವಾರ ಇಬ್ಬರೂ ಅಂಗಡಿಗೆ ಹೋದೆವು. ಪ್ರೊಸೆಸರ್ ಬದುಕಿತ್ತು. ಮದರ್‌ಬೋರ್ಡ್ ಹೊಸದು ಕೊಂಡು, ಈ ಬಾರಿ ಅವರಿಂದಲೇ ಜೋಡಿಸಿಕೊಂಡೆವು. "ಗೇಮಿಂಗಿಗೆ ಇದನ್ನ ಮೀರಿಸಿದ್ದಿಲ್ಲ ಮೇಡಂ!" ಎಂದು ಅಂಗಡಿಯವ ಹೆಮ್ಮೆಯಿಂದ ಹೇಳಿದ. ಪ್ರಮೀಳಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದೆ.

"ವಿಡಿಯೋ ಕೆಲ್ಸಕ್ಕೆ ಆ ಇನ್ನೊಂದು ಇಪ್ಪತ್ತರದ್ದೇ ಒಳ್ಳೇದಿತ್ತಲ್ವಾ?" ಎಂದು ಕೇಳಿದಳು.

"ನೀವು ಮಾಡೋ ಕೆಲಸಕ್ಕೆ ಎರಡೂ ಒಂದೇ ಮೇಡಂ. ಕಣ್ಣು ಮುಚ್ಕೊಂಡು ಯಾವುದು ತಗೊಂಡಿದ್ರೂ ಆಗ್ತಿತ್ತು."

ಮನೆಗೆ ಬಂದು, ಈ ಅಧ್ಯಾಯಕ್ಕೆ ಮಂಗಳ ಹಾಡೋಣವೆಂದು ನೋಟ್‌ಬುಕ್ ತೆಗೆದೆ. ಅರೇಬಿಕಾ, ರೋಬಸ್ಟಾಗಳ ಪಕ್ಕದಲ್ಲಿ ಮೂರನೆಯದೊಂದು ಕಾಲಂ ಹುಟ್ಟಿಕೊಂಡಿತ್ತು. ಪ್ರಮೀಳಾಳ ದುಂಡು ಅಕ್ಷರ. ಮೇಲೆ "ನಮ್ಮನೆಯವರು" ಎಂದಿತ್ತು.

ಗೇಮಿಂಗ್: ಆಸೆ ಬಹಳ. ಕೆಲಸ: ಅರವತ್ತಕ್ಕೆ ನಿಲ್ಲುತ್ತದೆ. ಬಿಸಿ: ಬೇಗ ಏರುತ್ತದೆ, ಪೇಸ್ಟ್ ಹಚ್ಚಿದರೂ ಇಳಿಯುವುದಿಲ್ಲ. ಸದ್ದು: ಫ್ಯಾನಿಗಿಂತ ಹೆಚ್ಚು. ವಾರಂಟಿ: ಮುಗಿದು ಇಪ್ಪತ್ತೊಂದು ವರ್ಷ. ಬದಲಿ: ಕೊಡುವುದಿಲ್ಲವಂತೆ, ವಿಚಾರಿಸಿದ್ದೇನೆ.

ಎಂಟು ದಿನ ಹೋಲಿಕೆ ಮಾಡಿದ ಅನುಭವವಿದೆಯಲ್ಲ, ಎಲ್ಲಾದರೂ ಒಂದು ತಪ್ಪು ಸಿಗಬಹುದೆಂದು ಕನ್ನಡಕ ಹಾಕಿಕೊಂಡು ಮೂರು ಸಲ ಪರಿಶೀಲಿಸಿದೆ. ಅಂಕ ಕಡಿಮೆ ಕೊಟ್ಟಿದ್ದಾಳೆ ಎನ್ನಲು ಒಂದು ಸಾಲಿನಲ್ಲೂ ಆಧಾರ ಸಿಗಲಿಲ್ಲ. ನೋಟ್‌ಬುಕ್ ಮುಚ್ಚಿ, ಬಣ್ಣ ಹೊಡೆಯುವ ಬ್ರಷ್ ಹುಡುಕಿಕೊಂಡು ಹೋಗಿ ಹೊಸ ಕಂಪ್ಯೂಟರಿನ ಪಕ್ಕದಲ್ಲಿಟ್ಟೆ. ಬೆಕ್ಕು ಅದಾಗಲೇ ಬಂದು ಅದರ ಮೇಲೆ ಮಲಗಿತ್ತು.