ತೂತಿನ ಟೇಪು ಹೊತ್ತು ನಾಲ್ಕೂರು ಸುತ್ತಿದ್ದು

ನಾನು ತಮಾಷೆಯ ಮನುಷ್ಯನಲ್ಲ. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು, ಮಾತು ಕಡಿಮೆ. ಆದರೂ ಆ ಹಳದಿ ಟೇಪು ಹಿಡಿದು ಹೊರಟೆನೆಂದರೆ ಏನಾದರೊಂದು ನಡೆದೇ ತೀರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ತಾತ್ಕಾಲಿಕ ಕೆಲಸಕ್ಕಿದ್ದ ಬೆಂಗಳೂರಿನ ಒಂದು ಸಣ್ಣ ಕಂಪನಿ ಕಂಪ್ಯೂಟರ್ ತಯಾರಿಸಿ, ಪ್ರಯೋಗಕ್ಕೆಂದು ನಮ್ಮ ಜಿಲ್ಲೆಯ ನಾಲ್ಕು ಕಡೆ ಇಟ್ಟಿತ್ತು. ದುರ್ಗದ ಗಣಿ ಕಚೇರಿ, ಹಿರಿಯೂರಿನ ನೀರಾವರಿ ಕಚೇರಿ, ಹೊಸದುರ್ಗದ ಹತ್ತಿ ಮಾರಾಟ ಸಂಘ, ಹೊಳಲ್ಕೆರೆಯ ಅದಿರು ಲೋಡಿಂಗ್ ಕಚೇರಿ. ಮಿಷನ್ನು ಕಬ್ಬಿಣದ ಬೀರುವಿನಷ್ಟು ದೊಡ್ಡದು. ಬೆಳಗ್ಗೆ ಸ್ವಿಚ್ ಹಾಕಿದಾಗ ಅದಕ್ಕೆ ಏನೂ ಗೊತ್ತಿರುತ್ತಿರಲಿಲ್ಲ. ತೂತು ಕೊರೆದ ಬಿಳಿ ಕಾಗದದ ಟೇಪನ್ನು ಅದರ ಬಾಯಿಗೆ ಕೊಡಬೇಕು. ತೂತುಗಳಲ್ಲಿ ಬೆಳಕು ಹಾಯಿಸಿ ಅದು ಓದಿಕೊಳ್ಳುತ್ತಿತ್ತು. ಹಾಗೆ ಒಳಗೆ ಹೋಗುತ್ತಿದ್ದದ್ದು ಮೂಲ ಪ್ರೋಗ್ರಾಂ. ಮಿಕ್ಕ ಲೆಕ್ಕಪತ್ರವೆಲ್ಲ ಅದು ಹೇಳಿದಂತೆ ನಡೆಯಬೇಕು.

ತೊಂದರೆ ಒಂದೇ. ನಾಲ್ಕೂ ಮಿಷನ್ನುಗಳು ಕೆಲಸ ಮಾಡುತ್ತ ಮಾಡುತ್ತ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವು. ಯಾಕೆಂದು ಯಾರಿಗೂ ತಿಳಿಯದು. ಆಗ ಕಂಪನಿಯ ದೊಡ್ಡ ಇಂಜಿನಿಯರು ಅದೇ ಪ್ರೋಗ್ರಾಮನ್ನು ಇನ್ನೊಂದು ಬಗೆಯಲ್ಲಿ ಮಾಡಿ ಹಳದಿ ಟೇಪಿಗೆ ಹಾಕಿದರು. ಇದು ತಪಾಸಣೆ ಟೇಪು. ಇದನ್ನು ಹಾಕಿದರೆ ಮಿಷನ್ನು ತಾನು ಮಾಡುವ ಒಂದೊಂದು ಕೆಲಸವನ್ನೂ ಪಕ್ಕದ ಟೈಪ್‌ರೈಟರಿನಲ್ಲಿ ಹೊಡೆಯುತ್ತ ಹೋಗುತ್ತಿತ್ತು. ನಿಧಾನ, ಗಲಾಟೆ ಬೇರೆ. ಆದರೆ ನಿಲ್ಲುವ ಮುಂಚೆ ಹೊಡೆದ ಕೊನೇ ಸಾಲು ಸಿಕ್ಕಿದರೆ ಕಳ್ಳ ಸಿಕ್ಕಿದಂತೆ.

ದೊಡ್ಡ ಇಂಜಿನಿಯರು ನನಗೆ ಹೇಳಿದ್ದು ಇಷ್ಟೇ. "ನಾಲ್ಕೂರಿಗೂ ಟೇಪು ಮುಟ್ಟಿಸು. ಎಲ್ಲಿಂದಾದರೂ ಸರಿ, ಆ ಕೊನೇ ಸಾಲು ತಾ. ತಂದರೆ ನಿನ್ನ ಕೆಲಸ ಖಾಯಂ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ನೀನೂ ಇಲ್ಲ, ಬಹುಶಃ ಕಂಪನಿಯೂ ಇಲ್ಲ."

ಬಸ್ಸಿನಲ್ಲಿ

ಹೊಸದುರ್ಗದ ಬಸ್ಸಿನಲ್ಲಿ ನನ್ನ ಪಕ್ಕ ಕುರಿ ಸಾಕುವ ಒಬ್ಬ ಅಜ್ಜ ಕೂತಿದ್ದ. ಹೆಗಲ ಮೇಲೆ ಕಂಬಳಿ. ಟೇಪು ಸರಿಯಾಗಿದೆಯೇ ಎಂದು ನಾನು ಡಬ್ಬಿ ತೆಗೆದು ನೋಡಿದೆ. ಅಜ್ಜನೂ ಬಗ್ಗಿ ನೋಡಿದ.

"ಹೊಸದೇನಪ್ಪ?"

"ಹೌದು, ಇವತ್ತೇ ತಂದಿದ್ದು."

"ತೂತು ಬಿದ್ದಾವಲ್ಲೋ."

"ಇರಬೇಕು ಅಜ್ಜ. ತೂತಿಗೋಸ್ಕರವೇ ತಂದಿರೋದು."

ಅಜ್ಜ ಟೇಪನ್ನು ಅಷ್ಟು ದೂರ ಎಳೆದು ನೋಡಿದ. ಎಲ್ಲಾ ಕಡೆ ತೂತು. ಕಂಡಕ್ಟರನ್ನು ಕರೆದು ತೋರಿಸಿದ. ಕಂಡಕ್ಟರು ಮುಂದಿನ ಸೀಟಿನವರಿಗೆ ತೋರಿಸಿದ. ಶ್ರೀರಾಂಪುರ ಬರುವಷ್ಟರಲ್ಲಿ ಇಡೀ ಬಸ್ಸು ನನ್ನ ಮೇಲೆ ಮರುಕಪಡುತ್ತಿತ್ತು.

"ಯಾವ ಅಂಗಡೀಲಿ ತಗಂಡೆ?" ಅಂದ ಅಜ್ಜ.

"ಅಂಗಡಿಯಲ್ಲ, ನಮ್ಮ ಆಫೀಸಿನಲ್ಲಿ ಕೊಟ್ಟರು."

"ಎಷ್ಟು ಓದೀಯ?"

"ಬಿ.ಎಸ್ಸಿ."

ಅಜ್ಜ ಕಂಡಕ್ಟರ್ ಕಡೆ ತಿರುಗಿ ಹೇಳಿದ. "ಅದಕ್ಕೇ ಕಣಪ್ಪ. ಓದ್ದೇ ಇರೋನಾಗಿದ್ರೆ, ತೂತಿಂದು ನಂಗ್ಯಾಕೆ ಅಂತ ಅಲ್ಲೇ ಬಿಸಾಕಿ ಬರ್ತಿದ್ದ."

ಹೊಸದುರ್ಗದ ಫೈಲು

ಹತ್ತಿ ಸಂಘದ ಕಾರ್ಯದರ್ಶಿಗಳಿಗೆ ಹಳದಿ ಟೇಪು ಬಹಳ ಹಿಡಿಸಿತು. ಟೈಪ್‌ರೈಟರು ಟಕಟಕ ಎನ್ನುವುದನ್ನು ಕೇಳಲು ಮಂಡಿಯ ವ್ಯಾಪಾರಿಗಳೆಲ್ಲ ಬಂದು ನಿಂತರು.

"ಈಗ ನೋಡ್ರಿ, ಮಿಷನ್ನು ದುಡಿಯಾಕತ್ತೈತೆ" ಎಂದರು ಕಾರ್ಯದರ್ಶಿಗಳು. "ಮೊದ್ಲು ಸುಮ್ನೆ ಕುಂತಿರೋದು. ಮಾಡ್ತೈತೋ ನಿದ್ದೆ ಹೊಡೀತೈತೋ ಹೆಂಗೆ ಗೊತ್ತಾಗ್ಬೇಕು?"

ವಾರ ಬಿಟ್ಟು ಹೋದೆ. ಮಿಷನ್ನು ಹಿಂದಿನ ದಿನ ನಿಂತಿತ್ತು. ಕಾಗದ ಎಲ್ಲಿ ಎಂದೆ. ಅವರು ಹೆಮ್ಮೆಯಿಂದ ದಪ್ಪ ಫೈಲು ತಂದಿಟ್ಟರು. ಒಂದೊಂದು ಹಾಳೆಗೂ ಪುಟದ ಸಂಖ್ಯೆ, ಸೀಲು, ರುಜು. ಕೊನೆಯ ಹಾಳೆ ತಿರುಗಿಸಿದೆ. ಅಲ್ಲಿ ಮಿಷನ್ನು ಚೆನ್ನಾಗಿಯೇ ನಡೆಯುತ್ತಿತ್ತು.

"ಇದರ ಮುಂದಿನ ಹಾಳೆ?"

"ಇತ್ತು. ಅರ್ಧಕ್ಕೆ ನಿಂತಿತ್ತು. ಒಲೆಗೆ ಹಾಕಿಸ್ದೆ."

"ಅದೊಂದೇ ಸಾರ್ ನನಗೆ ಬೇಕಾಗಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವಿನ್ನೂ ಹೊಸಬ್ರು. ಅರ್ಧಂಬರ್ಧ ಕಾಗ್ದ ಫೈಲ್ನಾಗಿದ್ರೆ ಆಡಿಟ್ನೋರು ಬಿಡ್ತಾರೇನ್ರಿ? ಮಿಷನ್ನಿಗೆ ಹೇಳ್ರಿ, ಪೂರ್ತಿ ಬರೆದು ಆಮೇಲೆ ಕೆಟ್ಟೋಗ್ಲಿ."

ಹಿರಿಯೂರಿನ ಚಾಡಿಕೋರ

ಹಿರಿಯೂರಿನಲ್ಲಿ ಮಿಷನ್ನಿನ ಕೆಲಸ ಮಾರಿಕಣಿವೆ ಅಣೆಕಟ್ಟಿನ ನೀರಿನ ಲೆಕ್ಕ ಇಡುವುದು. ಅಲ್ಲಿನ ಮುಖ್ಯ ಗುಮಾಸ್ತರು ಮಿಷನ್ನು ಹೊಡೆದ ಪ್ರತಿ ಸಾಲನ್ನೂ ಕೈಕೆಳಗಿನ ನೌಕರ ಬರೆದ ವರದಿಯೆಂದೇ ತಿಳಿದು ಓದುತ್ತಿದ್ದರು. "ಟೇಪಿಗಾಗಿ ಕಾಯುತ್ತಿದ್ದೇನೆ" ಎಂದು ಅದು ಇಂಗ್ಲಿಷಿನಲ್ಲಿ ಹೊಡೆದರೆ, ಇವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಯಾಕೆ ಕಾಯಿಸಿದಿರಿ?" ಎಂದು ಬರೆದು, ಟೇಪು ಹಾಕುವ ಕಿರಿಯ ಗುಮಾಸ್ತನಿಂದ ಸಮಜಾಯಿಷಿ ಕೇಳುತ್ತಿದ್ದರು. "ಕೊಟ್ಟ ಅಂಕಿ ತಪ್ಪಾಗಿದೆ" ಎಂದು ಹೊಡೆದರೆ ಅದಕ್ಕೊಂದು ಮೆಮೊ.

ನಾನು ಹೋದಾಗ ಟೈಪ್‌ರೈಟರಿನಲ್ಲಿ ಬರೀ ಬಿಳಿ ಹಾಳೆ ಇತ್ತು. ಕಿರಿಯ ಗುಮಾಸ್ತ ನನ್ನನ್ನು ಕಾಲುವೆಯ ಕಡೆಗೆ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಹೇಳಿದ.

"ಶಾಯಿ ರಿಬ್ಬನ್ ಬಿಚ್ಚಿ ಇಟ್ಟೀನಿ ಸಾರ್."

"ಯಾಕೆ?"

"ಹಳೇ ಟೇಪು ಇದ್ದಾಗ ಮಿಷನ್ನು ಒಳ್ಳೇದಿತ್ತು. ನಾನು ತಪ್ಪು ಮಾಡಿದ್ರೂ ನುಂಗ್ಕಂಡು ಸುಮ್ನಿರ್ತಿತ್ತು. ಅದೂ ಆಗಾಗ ನಿಂತೋಗ್ತಿತ್ತು, ನಾನು ಯಾರ್ಗೂ ಹೇಳ್ತಿರ್ಲಿಲ್ಲ. ನೀವು ಬಂದು ಅದಕ್ಕೆ ಚಾಡಿ ಹೇಳೋದು ಕಲ್ಸಿದ್ರಿ."

"ನಿನ್ನೆ ಮಿಷನ್ನು ನಿಂತಿತ್ತಂತಲ್ಲ, ಕೊನೇ ಸಾಲು ಏನಿತ್ತು?"

"ನನಗೇನ್ ಗೊತ್ತು ಸಾರ್. ನಾನೂ ಅದೂ ಮಾತು ಬಿಟ್ಟೀವಿ."

ಹೊಳಲ್ಕೆರೆಯ ಬೀರು

ಇದು ಸಣ್ಣದು. ಹೊಳಲ್ಕೆರೆಯ ಮೇನೇಜರಿಗೆ ಟೇಪು ಕೊಡುವಾಗ ನಾನು, "ಇದು ಬೆಲೆಬಾಳುವಂಥದ್ದು, ಜೋಪಾನ" ಅಂದಿದ್ದೆ. ತಿಂಗಳಾದ ಮೇಲೆ ಹೋದೆ. ಬಿಳಿ ಟೇಪೇ ಓಡುತ್ತಿತ್ತು.

"ಹಳದಿದು ಎಲ್ಲಿ?"

ಮೇನೇಜರು ಬೀರು ತೆಗೆದರು. ಟೇಪು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಬೆಳ್ಳಿ ಲೋಟಗಳ ಪಕ್ಕದಲ್ಲಿ ಕೂತಿತ್ತು.

"ಒಂದ್ಸಲನೂ ಹಾಕಲಿಲ್ವೇ?"

"ಅದೇನ್ರಿ ಹಂಗಂತೀರಿ. ದಿನಾ ಬಳಸಾಕೆ ಬಿಳೀದು ಐತಲ್ಲ. ಇದನ್ನ ಸಾಹೇಬ್ರು ಬಂದಾಗ ತೆಗೆಯಾಣ ಅಂತ."

ದುರ್ಗದ ಕುಂಕುಮ

ಉಳಿದದ್ದು ದುರ್ಗ ಒಂದೇ. ಆರು ತಿಂಗಳು ಮುಗಿಯುತ್ತ ಬಂದಿತ್ತು.

ಗಣಿ ಕಚೇರಿಯಲ್ಲಿ ಮಿಷನ್ನು ನಡೆಸುತ್ತಿದ್ದವರು ಒಬ್ಬ ಸಾಬರು. ಅವರಿಗೆ ಮಿಷನ್ನಿನ ಮೇಲೆ ಬಹಳ ಪ್ರೀತಿ. ಅಲ್ಲಿ ಹಳದಿ ಟೇಪು ಕೊಟ್ಟದ್ದು ಆಯುಧಪೂಜೆಯ ಹಿಂದಿನ ದಿನ, ನಾನು ಮತ್ತೆ ಹೋದದ್ದು ಪೂಜೆಯಾದ ಮಾರನೇ ವಾರ.

"ನಿಂತಿತ್ತೇ?" ಎಂದೆ.

"ಇಲ್ಲ ಸಾರ್. ಹಬ್ಬ ಆದಾಗಿಂದ ಒಂದ್ಸಲನೂ ನಿಂತಿಲ್ಲ."

ಕೊನೇ ಸಾಲು ಬೇಕಾದರೆ ಅದು ನಿಲ್ಲಬೇಕು. ಮೂರು ದಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಟಕಟಕ ಎನ್ನುತ್ತಲೇ ಇತ್ತು. ಒಂದು ಮಿಷನ್ನು ಕೆಡಲಿ ಎಂದು ನಾನು ಅಷ್ಟು ಹಂಬಲಿಸಿದ್ದು ಅದೇ ಮೊದಲು.

"ಹಬ್ಬದ ದಿನ ಏನಾದರೂ ಮಾಡಿದಿರಾ?"

ಸಾಬರು ಸಂಕೋಚದಿಂದ ಹೇಳಿದರು. "ಲಾರಿಗೆ ಕುಂಕುಮ ಹಚ್ಚಿದ್ರು, ತಕ್ಕಡಿಗೆ ಹಚ್ಚಿದ್ರು, ಪಂಪಿಗೂ ಹಚ್ಚಿದ್ರು. ನಮ್ಮ ಮಿಷನ್ನು ಏನು ಪಾಪ ಮಾಡೈತೆ? ಹೋದ ವರ್ಷದಂಗೆ ನಾನೇ ಭಟ್ರನ್ನ ಕರೆದು ಇದಕ್ಕೂ ಹಚ್ಚಿ ಅಂದೆ. ಈ ಸಲ ಟೇಪಿಗೂ ಹಚ್ಚಿದ್ರು. ಆಮೇಲೆ ಬೆಂಕಿಕಡ್ಡಿ ತಗಂಡು ತೂತೆಲ್ಲ ಒಂದೊಂದೇ ಬಿಡಿಸ್ದೆ ಸಾರ್."

ಟೇಪನ್ನು ಬೆಂಗಳೂರಿಗೆ ಒಯ್ದೆ. ದೊಡ್ಡ ಇಂಜಿನಿಯರು ಅದನ್ನು ಹೊಸ ಹಳದಿ ಟೇಪಿನ ಮೇಲಿಟ್ಟು ದೀಪಕ್ಕೆ ಹಿಡಿದರು. ಒಂದೇ ಒಂದು ತೂತು ಸಾಬರ ಕಡ್ಡಿಯಿಂದ ತಪ್ಪಿಸಿಕೊಂಡಿತ್ತು. ಅದರಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಇಂಜಿನಿಯರು ತಮ್ಮ ಕಾಗದಗಳನ್ನು ತೆಗೆದು ನೋಡಿ ಹಣೆ ಒತ್ತಿಕೊಂಡರು. ಮಿಷನ್ನಿನ ನೆನಪಿನ ಜಾಗ ತುಂಬಿದಾಗ "ಖಾಲಿ ಮಾಡಿ ಮುಂದೆ ಹೋಗು" ಎಂದಿರಬೇಕಾದ ಕಡೆ ಅವರು ಒಂದು ತೂತು ಹೆಚ್ಚು ಕೊರೆದಿದ್ದರು. ಅದು "ನಿಲ್ಲು" ಎಂದಾಗಿತ್ತು. ಕುಂಕುಮ ಕೂತದ್ದು ಸರಿಯಾಗಿ ಆ ತೂತಿನಲ್ಲೇ.

ತಿದ್ದಿದ ಟೇಪು ತಯಾರಾಯಿತು. "ಇದು ದುರ್ಗದಲ್ಲಿ ನಡೆದರೆ ನಿನ್ನ ಖಾಯಂ ಆರ್ಡರಿಗೆ ಅಲ್ಲೇ ರುಜು ಹಾಕ್ತೀನಿ" ಎಂದು ಇಂಜಿನಿಯರು ತಾವೇ ನನ್ನ ಜೊತೆ ಹೊರಟರು.

ಸಾಬರು ಹೊಸ ಟೇಪು ಕೈಗೆ ತೆಗೆದುಕೊಂಡವರೇ ಡ್ರಾಯರಿನಿಂದ ಕುಂಕುಮದ ಡಬ್ಬಿ ತೆಗೆದರು. ಈಗ ಯಾವ ತೂತು ಮುಚ್ಚಿದರೂ ಮಿಷನ್ನು ಕೆಡುವುದು ಖಂಡಿತ, ನನ್ನ ಕೆಲಸವೂ.

"ಟೇಪಿಗೆ ಬೇಡಪ್ಪ, ಮಿಷನ್ನಿಗೆ ಹಚ್ಚು" ಎಂದರು ಇಂಜಿನಿಯರು.

"ಮಿಷನ್ನಿಗೆ ಹೋದ ವರ್ಷನೂ ಹಚ್ಚಿದ್ವಿ ಸಾರ್, ಏನೂ ಆಗ್ಲಿಲ್ಲ. ಈ ವರ್ಷ ಟೇಪಿಗೆ ಹಚ್ಚಿದ್ಮೇಲೇ ಸರಿಹೋಗಿದ್ದು. ನೀವೇ ಹೇಳ್ರಿ."

ಸಾಬರ ಪ್ರಯೋಗ ಕ್ರಮಬದ್ಧವಾಗಿತ್ತು. ಇಂಜಿನಿಯರು ನನ್ನ ಮುಖ ನೋಡಿದರು. ನಾನು ಟೇಪಿನ ತುದಿ ಬಿಚ್ಚಿದೆ. ಮಿಷನ್ನಿನ ಬಾಯಿಗೆ ಕೊಡುವ ಕಡೆ ಬೆರಳಗಲ ತೂತಿಲ್ಲದ ಜಾಗವಿತ್ತು.

"ಇಲ್ಲಿ ಹಚ್ಚಿ" ಎಂದೆ. "ಹಣೆ ಇದು."

ಸಾಬರು ಹಚ್ಚಿದರು. ಮಿಷನ್ನು ಸಂಜೆಯವರೆಗೂ ನಿಲ್ಲಲಿಲ್ಲ. ಇಂಜಿನಿಯರು ನನ್ನ ಆರ್ಡರಿಗೆ ಅಲ್ಲೇ ರುಜು ಹಾಕಿದರು.

ಆಮೇಲೆ ಕಂಪನಿಯಿಂದ ಹೊರಟ ಪ್ರತಿಯೊಂದು ಟೇಪಿನ ತುದಿಯಲ್ಲೂ ಒಂದು ಗೇಣು ಜಾಗ ತೂತಿಲ್ಲದೆ ಬಿಡಬೇಕೆಂದು ಅವರೇ ಆದೇಶ ಮಾಡಿದರು. ಯಾಕೆ ಎಂದು ಕೇಳಿದವರಿಗೆಲ್ಲ, "ತಾಂತ್ರಿಕ ಕಾರಣ" ಎನ್ನುತ್ತಿದ್ದರು.