ತೂಕ ಇಳಿಸಿದ ಕಾರು

"ಭಾವ, ಹಿಡ್ಕೊಳ್ಳಿ, ಬಿಡ್ತಾ ಇದೀನಿ!"

ಹಿಡಿದುಕೊಳ್ಳುವ ಮೊದಲೇ ಕಾರಿನ ಹಿಂದಿನ ಸೀಟು ಗುಮಾಸ್ತನ ಎಡಗಾಲಿನ ಮೇಲೆ ಬಂದು ಕೂತಿತು.

"ನೋವಾಯ್ತಾ?" ಭಾವಮೈದುನ ಕಾರಿನೊಳಗಿನಿಂದ ತಲೆ ಹೊರಹಾಕಿದ.

"ಇಲ್ಲಪ್ಪ, ಹಿತವಾಗಿದೆ. ಇನ್ನೊಂದು ಕಾಲಿನ ಮೇಲೂ ಏನಾದ್ರೂ ಹಾಕು."

ಗುಮಾಸ್ತನ ಆ ಕಾರು ಬಾಡಿಗೆಮನೆಯ ಅಂಗಳದಲ್ಲಿ ಬೀಡುಬಿಟ್ಟ ಮೇಲೆ ಮನೆ ಓನರಮ್ಮನ ತಾಯಿಯ ಗಾಲಿಕುರ್ಚಿ ಹೊರಗೆ ಬರುತ್ತಿರಲಿಲ್ಲ. ಬೀದಿಗೆ ತಂದು ನಿಲ್ಲಿಸೋಣವೆಂದರೆ ಇಡೀ ಬೀದಿಯೇ ಮುಚ್ಚಿಹೋಗುತ್ತಿತ್ತು. "ಕತ್ತಲಾಗೋದ್ರೊಳಗೆ ಕಾರು ಹೋಗಬೇಕು, ಇಲ್ಲಾ ನೀವು ಹೋಗಬೇಕು" ಎಂದು ಓನರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು. ತುಂಬು ಬಸುರಿ ಹೆಂಡತಿ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಗಂಡನ ಸಾಮರ್ಥ್ಯದ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಕಾರು ಮಾರಾಟಕ್ಕಿದೆ ಎಂಬ ಜಾಹೀರಾತಿಗೆ ಫೋನ್ ಮಾಡಿದ ಗಿರಾಕಿ ಒಬ್ಬನೇ. ಆತ ಬಣ್ಣ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ. "ತೂಕ ಎಷ್ಟು?" ಎಂದ. ಗುಮಾಸ್ತ ಹೇಳಿದ ತೂಕ ಕೇಳಿ "ಸಂಜೆ ಬರ್ತೀನಿ" ಎಂದು ಇಟ್ಟುಬಿಟ್ಟ.

"ತೂಕ ಕೇಳಿದ್ನಾ? ರೇಸ್ ಆಸಾಮಿ, ಅನುಮಾನವೇ ಇಲ್ಲ!" ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಟವೆಲ್ ಕೊಡವಿ ಅಂಗಳಕ್ಕೆ ಇಳಿದೇಬಿಟ್ಟಿದ್ದ. "ನೋಡು ತಮ್ಮ, ಎಂಜಿನ್ ಅಂದ್ರೆ ಮನುಷ್ಯನ ಹೊಟ್ಟೆ. ಗಾಳಿ ಒಳಗೆ ಹೋಗಬೇಕು, ಪೆಟ್ರೋಲ್ ಸೇರಬೇಕು, ಪ್ಲಗ್ ಕಿಡಿ ಹಚ್ಚಬೇಕು, ಹೊಗೆ ಹಿಂದಿಂದ ಹೋಗಬೇಕು. ಎಲ್ಲೂ ಅಡ್ಡಿ ಇರಬಾರದು. ನಿನ್ನ ಗಾಡಿಗೆ ಎರಡೂ ಕಡೆ ಮಲಬದ್ಧತೆ."

"ಈಗ ಹೇಗೋ ತೆವಳ್ತಾ ಇದೆಯಲ್ಲಣ್ಣ..."

"ತೆವಳೋದನ್ನ ರೇಸಿನವನು ಕೊಳ್ತಾನೇನೋ? ಶಕ್ತಿ ಏರಿಸು, ಭಾರ ಇಳಿಸು. ಅಷ್ಟೇ ವಿದ್ಯೆ."

ಶಕ್ತಿ ಏರಿಸಲು ಡ್ರೈವರಣ್ಣ ಏರ್ ಫಿಲ್ಟರ್ ಕಿತ್ತ, ಸೈಲೆನ್ಸರ್ ಕತ್ತರಿಸಿದ. ಭಾರ ಇಳಿಸಲು ಭಾವಮೈದುನ ಸೀಟು, ಬಾಗಿಲು, ಬಾನೆಟ್, ಬಂಪರುಗಳನ್ನು ಕೋಳಿಪುಕ್ಕ ಕೀಳುವವನಂತೆ ಕಿತ್ತುಹಾಕಿದ. ಮಧ್ಯಾಹ್ನದ ಹೊತ್ತಿಗೆ ಸ್ಟಿಯರಿಂಗ್ ಹಿಂದೆ ಒಂದು ಮರದ ಮಣೆ ಮಾತ್ರ ಉಳಿದಿತ್ತು. ಗುಮಾಸ್ತ ಮುಖ ತೊಳೆದು ಬರುವಷ್ಟರಲ್ಲಿ ಕಿತ್ತ ಸಾಮಾನೂ ಮಾಯವಾಗಿತ್ತು.

"ಗುಜರಿಯವನ ಲಾರಿ ಬಂದಿತ್ತು ಭಾವ. ಅಂಗಳ ಸ್ವಚ್ಛ ಆಗ್ಲಿ ಅಂತ ಏರಿಸಿ ಕಳಿಸ್ಬಿಟ್ಟೆ."

"ಈಗ ಕೀಲಿ ತಿರುಗಿಸು!" ಎಂದು ಡ್ರೈವರಣ್ಣ ಕೂಗಿದ.

ಗುಮಾಸ್ತ ಮಣೆಯ ಮೇಲೆ ಕೂತು ತಿರುಗಿಸಿದ. ಕಾರು ಗಂಟಲು ಹರಿಯುವಂತೆ ಗರ್ಜಿಸಿತು. ಬೀದಿಯ ನಾಯಿಗಳು ಮನೆಗಳಿಗೆ ನುಗ್ಗಿದವು. ಕಿಟಕಿಯಲ್ಲಿ ಓನರಮ್ಮನ ತಾಯಿ ಚಪ್ಪಾಳೆ ತಟ್ಟಿದರು. ಮರುಕ್ಷಣವೇ ಎಂಜಿನ್ 'ಗುಳುಕ್' ಎಂದು, ಒಮ್ಮೆ ಬಿಕ್ಕಳಿಸಿ, ತಣ್ಣಗಾಯಿತು.

ಡ್ರೈವರಣ್ಣ ಹೆಗಲು ಮುಟ್ಟಿ ನೋಡಿಕೊಂಡ. "ನನ್ನ ಟವೆಲ್ ಎಲ್ಲಿ?"

ಫಿಲ್ಟರಿಲ್ಲದ ಎಂಜಿನ್ನು ಬಾಯಿ ತೆರೆದುಕೊಂಡಿತ್ತು. ಟವೆಲಿನ ಒಂದು ಅಂಚು ಮಾತ್ರ ಹೊರಗೆ ನೇತಾಡುತ್ತಿತ್ತು.

ಸಂಜೆ ಗಿರಾಕಿ ಬಂದ. ಗೇಟಿನ ಒಂದು ಕದ ತೆರೆದದ್ದು ಸಾಲದೆ ಅಡ್ಡವಾಗಿ ಅಂಗಳಕ್ಕೆ ಬಂದ. ಅಷ್ಟು ದೊಡ್ಡ ದೇಹ. ಹೆಗಲ ಮೇಲೆ ದಪ್ಪ ಹಗ್ಗದ ಸುರುಳಿ.

ಗುಮಾಸ್ತ ಎಲ್ಲ ಆಸೆಯನ್ನೂ ಬಿಟ್ಟು ನಿಜವನ್ನೇ ಹೇಳಿದ. "ಸಾರ್, ಇದು ಓಡಲ್ಲ."

"ಓಡೋದು ಯಾರಿಗೆ ಬೇಕು?" ಎಂದ ದೈತ್ಯ.

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಹೆಂಡತಿ ಚೀಲದಿಂದ ಒಂದು ಪಾತ್ರೆ ಹೊರತೆಗೆದ ಸದ್ದು ಕೇಳಿತು.

ಆತ ಹಗ್ಗವನ್ನು ಕಾರಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಸರ್ಕಸ್ಸಿನಲ್ಲಿ ಹಲ್ಲಿನಿಂದ ಕಾರು ಎಳೆಯುವುದೇ ಅವನ ಕಸುಬು. ಕಾಲು ಊರಿ, ಕುತ್ತಿಗೆಯ ನರ ಉಬ್ಬಿಸಿ, ಒಮ್ಮೆ ಜಗ್ಗಿದ.

ಕಾರು ಕರೆದ ಕೂಡಲೇ ಬರುವ ಬೆಕ್ಕಿನ ಮರಿಯಂತೆ ಬಂತು. ಬಂದ ರಭಸಕ್ಕೆ ಅವನು ಅಂಗಾತ ಬಿದ್ದ. ಎದ್ದವನ ಕಣ್ಣಲ್ಲಿ ನೀರಿತ್ತು.

"ಫೋನಲ್ಲಿ ಹೇಳಿದ ತೂಕ ಎಲ್ರೀ? ಇದನ್ನ ಎಳೆದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ಇದನ್ನ ನಮ್ಮಮ್ಮನೂ ಎಳೀತಾಳೆ!"

ಓನರಮ್ಮ ಅಂಗಳಕ್ಕೆ ಬಂದು ಆಕಾಶ ನೋಡಿದರು. ಕತ್ತಲಾಗುತ್ತಿತ್ತು. ಒಳಗೆ ಪಾತ್ರೆ ಮತ್ತೆ ಚೀಲ ಸೇರಿತು.

"ಸಾರ್, ದುಡ್ಡೇ ಬೇಡ, ಸುಮ್ನೆ ಎಳ್ಕೊಂಡು ಹೋಗಿ" ಎಂದು ಗುಮಾಸ್ತ ಅವನ ಎರಡೂ ಕೈ ಹಿಡಿದುಕೊಂಡ. "ಭಾರ ಸಾಲದಿದ್ರೆ ಒಳಗೆ ಭಾವಮೈದುನನ್ನ ಕೂರಿಸಿ ಕೊಡ್ತೀನಿ. ವಾಪಸ್ ಕಳಿಸೋದೂ ಬೇಡ."

ದೈತ್ಯ ಕಾರನ್ನು ನೋಡಿದ. ಭಾವಮೈದುನನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಗ್ಗ ಸುತ್ತಿ ಹೆಗಲಿಗೇರಿಸಿದ.

"ಎರಡೂ ಬೇಡ" ಎಂದ.